ಒಳಹರಿವು ಕಡಿಮೆಯಾದರೆ ಡ್ಯಾಂ ನೀರು ಇಳಿಯುತ್ತಾ? 7-8ನೇ ತರಗತಿಗೆ ಬದಲಾವಣೆಯ ದರ ಕಲಿಸುವ ಬಗ್ಗೆ

ಗಣಿತ ಟೀಚರ್, ಕೊಪ್ಪಳ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು 7 ಮತ್ತು 8ನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತೇನೆ. ನಮ್ಮ ಶಾಲೆ ತುಂಗಭದ್ರಾ ಡ್ಯಾಂಗೆ ಹತ್ತಿರ. ಮಳೆಗಾಲ ಬಂತು ಅಂದ್ರೆ ಮಕ್ಕಳ ಮನೆಗಳಲ್ಲಿ ಅದೇ ಮಾತು. ಡ್ಯಾಂ ಎಷ್ಟು ತುಂಬಿತು, ಒಳಹರಿವು ಎಷ್ಟಿದೆ, ಕಾಲುವೆಗೆ ಯಾವಾಗ ಬಿಡ್ತಾರೆ. ಹಾಗಾಗಿ ಪತ್ರಿಕೆಯಲ್ಲಿ ದಿನಾ ಬರುವ ಡ್ಯಾಂ ನೀರಿನ ಲೆಕ್ಕವನ್ನೇ ಪಾಠಕ್ಕೆ ತಂದೆ. ಬೋರ್ಡ್ ಮೇಲೆ ಹೀಗೆ ಬರೆದೆ:

ನಿನ್ನೆ ಒಳಹರಿವು 60 ಸಾವಿರ ಕ್ಯೂಸೆಕ್. ಇವತ್ತು 48 ಸಾವಿರ. ಹೊರಹರಿವು ಎರಡೂ ದಿನ 12 ಸಾವಿರ. ಇವತ್ತು ಡ್ಯಾಂ ನೀರು ಏರಿತಾ, ಇಳಿಯಿತಾ?

ಹೆಚ್ಚುಕಡಿಮೆ ಇಡೀ ಕ್ಲಾಸು "ಇಳೀತು ಟೀಚರ್" ಅಂತ ಕೂಗಿತು. ಲೆಕ್ಕದಲ್ಲಿ ಚುರುಕಾಗಿರುವ ಮಕ್ಕಳೂ ಅದನ್ನೇ ಹೇಳಿದರು. ಕೂಡಿಸಲು, ಕಳೆಯಲು ಬರುವ ಮಕ್ಕಳೇ ಇವರು. ತೊಂದರೆ ಇರುವುದು ಬೇರೆ ಕಡೆ. "ಎಷ್ಟಿದೆ" ಮತ್ತು "ಎಷ್ಟು ಬೇಗ ಬದಲಾಗುತ್ತಿದೆ" ಎಂಬ ಎರಡು ಪ್ರಶ್ನೆ ಅವರ ತಲೆಯಲ್ಲಿ ಒಂದೇ ಆಗಿಬಿಟ್ಟಿವೆ.

ವೇಗ ಅಂದ್ರೆ ದೂರ ಭಾಗಿಸು ಕಾಲ ಅಂತ ಸೂತ್ರ ಕೊಟ್ಟರೆ ಲೆಕ್ಕ ಮಾಡುತ್ತಾರೆ. ಉತ್ತರವೂ ಸರಿ ಬರುತ್ತದೆ. ಆದರೆ ಈ ಡ್ಯಾಂ ಪ್ರಶ್ನೆಗೆ ಆ ಸೂತ್ರ ಏನೂ ಸಹಾಯ ಮಾಡಲಿಲ್ಲ. ನೀವೆಲ್ಲ ಇದನ್ನು ಹೇಗೆ ಕಲಿಸುತ್ತೀರಿ? ಸೂತ್ರ ಮೊದಲಾ, ಆಮೇಲಾ? ಕ್ಲಾಸಲ್ಲಿ ನಿಜಕ್ಕೂ ನಡೆದದ್ದನ್ನು ಹೇಳಿ.

ನಿವೃತ್ತ ಇಂಜಿನಿಯರ್, ಮುನಿರಾಬಾದ್

ಟೀಚರ್, ನಿಮ್ಮ ಪ್ರಶ್ನೆ ಬಹಳ ಚೆನ್ನಾಗಿದೆ. ದೊಡ್ಡವರೂ ಇದರಲ್ಲಿ ಎಡವುತ್ತಾರೆ. ಒಳಹರಿವು ಇಳಿದಿದೆ ಅಂತ ಪತ್ರಿಕೆಯಲ್ಲಿ ಓದಿದ ಕೂಡಲೇ ನೀರು ಇಳಿಯಿತು ಅಂತ ಫೋನ್ ಮಾಡುವವರು ನನ್ನ ನೆಂಟರಲ್ಲೇ ಇದ್ದಾರೆ.

ಮೊದಲು ಅಳತೆಗಳನ್ನು ಬೇರೆ ಮಾಡಿ. ಟಿಎಂಸಿ ಅಂದ್ರೆ ನೀರಿನ ಪ್ರಮಾಣ, 100 ಕೋಟಿ ಘನ ಅಡಿ. ಕ್ಯೂಸೆಕ್ ಅಂದ್ರೆ ಹರಿವು, ಒಂದು ಸೆಕೆಂಡಿಗೆ ಒಂದು ಘನ ಅಡಿ. ಲೀಟರಿನಲ್ಲಿ ಸುಮಾರು 28.3. ಮಕ್ಕಳಿಗೆ ಸೆಕೆಂಡಿಗೆ ಎರಡು ಕೊಡ ನೀರು ಅಂತ ಹೇಳಿ, ಕಣ್ಣಿಗೆ ಕಟ್ಟುತ್ತದೆ. "ಸೆಕೆಂಡಿಗೆ" ಎಂಬ ಮಾತು ಕ್ಯೂಸೆಕ್ ಒಳಗೇ ಇದೆ, ಟಿಎಂಸಿಯಲ್ಲಿ ಇಲ್ಲ. ಇದನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬರೆದು ಬಿಡಬೇಕು.

ಇನ್ನು ಲೆಕ್ಕ. ಒಂದು ದಿನಕ್ಕೆ 86,400 ಸೆಕೆಂಡು. 100 ಕೋಟಿಯನ್ನು ಅದರಿಂದ ಭಾಗಿಸಿದರೆ 11,574. ಅಂದ್ರೆ 11,574 ಕ್ಯೂಸೆಕ್ ಇಡೀ ದಿನ ಹರಿದರೆ 1 ಟಿಎಂಸಿ. ಕ್ಲಾಸಿಗೆ 12 ಸಾವಿರ ಅಂತ ಹಿಡಿಯಿರಿ, ಕೂಡಿಸಲು ಕಳೆಯಲು ಸಲೀಸು. ನೀವು ಕೊಟ್ಟ ಅಂಕಿಗಳೂ ಅದಕ್ಕೆ ಸರಿಯಾಗಿ ಹೊಂದುತ್ತವೆ. ಡ್ಯಾಂನಲ್ಲಿ ಮೊದಲು 60 ಟಿಎಂಸಿ ಇತ್ತು ಅಂದುಕೊಳ್ಳೋಣ. ಹೊರಹರಿವು ದಿನಾ 12 ಸಾವಿರ, ಅಂದ್ರೆ 1 ಟಿಎಂಸಿ. ಆವಿಯಾಗುವ ನೀರನ್ನು ಸದ್ಯಕ್ಕೆ ಬಿಟ್ಟುಬಿಡಿ.

ಸೋಮವಾರ: ಬಂದದ್ದು 5, ಹೋದದ್ದು 1. ಸಂಗ್ರಹ 64.
ಮಂಗಳವಾರ: ಬಂದದ್ದು 4, ಹೋದದ್ದು 1. ಸಂಗ್ರಹ 67.
ಬುಧವಾರ: ಬಂದದ್ದು 3, ಹೋದದ್ದು 1. ಸಂಗ್ರಹ 69.
ಗುರುವಾರ: ಬಂದದ್ದು 2, ಹೋದದ್ದು 1. ಸಂಗ್ರಹ 70.
ಶುಕ್ರವಾರ: ಬಂದದ್ದು 1, ಹೋದದ್ದು 1. ಸಂಗ್ರಹ 70.
ಶನಿವಾರ: ಬಂದದ್ದು ಅರ್ಧ, ಹೋದದ್ದು 1. ಸಂಗ್ರಹ 69.5.

ಒಳಹರಿವು ಸೋಮವಾರದಿಂದಲೇ ಇಳಿಯುತ್ತಿದೆ. ಆದರೂ ಗುರುವಾರದವರೆಗೆ ಡ್ಯಾಂ ತುಂಬುತ್ತಲೇ ಇದೆ. ಸಂಗ್ರಹ ಅತಿ ಜಾಸ್ತಿ ಆಗುವುದು ಯಾವಾಗ? ಬಂದದ್ದೂ ಹೋದದ್ದೂ ಸಮ ಆದಾಗ. ಇದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಹೇಳಬೇಡಿ.

ಹೈಸ್ಕೂಲ್ ಗಣಿತ ಮೇಷ್ಟ್ರು, ಸಿಂಧನೂರು

ಇಂಜಿನಿಯರ್ ಸಾಹೇಬರ ಪಟ್ಟಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ 8ನೇ ತರಗತಿಗೆ ಬರುವ ಮಕ್ಕಳಲ್ಲಿ ಬಹಳಷ್ಟು ಜನರಿಗೆ ದಶಮಾಂಶ ಕಳೆಯಲು ಬರುವುದಿಲ್ಲ. 77.34ರಿಂದ 74.32 ಕಳೆ ಅಂದ್ರೆ ಪೆನ್ಸಿಲ್ ಕೆಳಗಿಡುತ್ತಾರೆ. ಅಂಥ ಕ್ಲಾಸಿಗೆ ಪತ್ರಿಕೆಯ ನಿಜವಾದ ಅಂಕಿಗಳನ್ನು ತಂದರೆ ಪಾಠ ಕಳೆಯುವುದರಲ್ಲೇ ಮುಗಿದುಹೋಗುತ್ತದೆ. ವ್ಯತ್ಯಾಸ ಅಂದ್ರೇನು ಅನ್ನುವಲ್ಲಿಗೆ ಬರುವುದೇ ಇಲ್ಲ.

ಇನ್ನೊಂದು, ಪರೀಕ್ಷೆ. ಪ್ರಶ್ನೆ ಪತ್ರಿಕೆಯಲ್ಲಿ ಬರುವುದು ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಿ, ನೇರ ಅನುಪಾತದ ಲೆಕ್ಕ ಮಾಡಿ, ನಕ್ಷೆ ಓದಿ, ಇಷ್ಟೇ. ಪಠ್ಯ ಮುಗಿಸಬೇಕು, ಘಟಕ ಪರೀಕ್ಷೆ ಮಾಡಬೇಕು, ಅಂಕ ಏರಿಸಬೇಕು. ಸೂತ್ರ ಮೊದಲು ಕೊಟ್ಟು, ಲೆಕ್ಕ ಮಾಡಿಸಿ, ಅರ್ಥ ಆಮೇಲೆ ನಿಧಾನವಾಗಿ ಬರಲಿ ಅನ್ನುವುದು ನನ್ನ ಅಭಿಪ್ರಾಯ. ಸೂತ್ರ ಗೊತ್ತಿಲ್ಲದ ಮಗು ಪರೀಕ್ಷೆಯಲ್ಲಿ ಸೋತರೆ ಗಣಿತವನ್ನೇ ಬಿಟ್ಟುಬಿಡುತ್ತದೆ. ಅಂಥ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಪಿಯು ಉಪನ್ಯಾಸಕ, ರಾಯಚೂರು

ಸಿಂಧನೂರು ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ "ಅರ್ಥ ಆಮೇಲೆ ಬರುತ್ತದೆ" ಅನ್ನುವುದಿದೆಯಲ್ಲ, ಆ "ಆಮೇಲೆ" ನನ್ನ ಕ್ಲಾಸು. ಅಲ್ಲಿಗೂ ಅದು ಬಂದಿರುವುದಿಲ್ಲ.

ಎರಡನೇ ಪಿಯು ವಿಜ್ಞಾನದ ಹುಡುಗರಿಗೆ x ವರ್ಗದ ಅವಕಲನ (ಡೆರಿವೇಟಿವ್) ಏನು ಅಂತ ಕೇಳಿ. 2x ಅಂತ ನಿದ್ದೆಯಲ್ಲೂ ಹೇಳುತ್ತಾರೆ. x ಬೆಲೆ 3 ಇದ್ದಾಗ ಅದು 6 ಆಗುತ್ತದೆ, ಆ 6 ಏನನ್ನು ಹೇಳುತ್ತದೆ ಅಂತ ಕೇಳಿ. ಕ್ಲಾಸು ಸುಮ್ಮನಾಗುತ್ತದೆ. ನೀಟ್, ಸಿಇಟಿ ಬರೆಯುವ ಮಕ್ಕಳ ಮಾತು ಇದು. 12-13ನೇ ವಯಸ್ಸಿನಲ್ಲಿ ಒಂದು ಪಟ್ಟಿಯ ಪಕ್ಕದಲ್ಲಿ ವ್ಯತ್ಯಾಸದ ಕಾಲಂ ಬರೆದು ಅಭ್ಯಾಸ ಆಗಿದ್ದರೆ ಆ 6 ಅವರಿಗೆ ಹೊಸದಾಗಿ ಕಾಣುತ್ತಿರಲಿಲ್ಲ.

ದಶಮಾಂಶದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಅಂಕಿಗಳನ್ನು ಚಿಕ್ಕದು ಮಾಡೋಣ, ಪಾಠವನ್ನು ಬಿಡುವುದು ಬೇಡ.

ವಿಜ್ಞಾನ ಶಿಕ್ಷಕಿ, ಬಳ್ಳಾರಿ

ನಾನು ಇದನ್ನು ಬಾಟಲಿಯಿಂದ ಶುರು ಮಾಡುತ್ತೇನೆ. ಅಂಕಿಯೇ ಬೇಡ. ಒಂದು ನೇರವಾದ ಡಬ್ಬಿ, ಒಂದು ಕುತ್ತಿಗೆ ಸಣ್ಣಗಿರುವ ಬಾಟಲಿ. ಎರಡಕ್ಕೂ ಹೊರಗಡೆ ಕೆಳಗಿಂದ ಮೇಲಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುವುದು. ಒಂದು ಸಣ್ಣ ಲೋಟ. ಒಬ್ಬರು ಲೋಟ ತುಂಬಿ ಸುರಿಯುತ್ತಾರೆ, ಇನ್ನೊಬ್ಬರು ನೀರು ನಿಂತ ಕಡೆ ಪೆನ್ನಿನಿಂದ ಗೆರೆ ಹಾಕುತ್ತಾರೆ. ಮತ್ತೆ ಒಂದು ಲೋಟ, ಮತ್ತೆ ಒಂದು ಗೆರೆ.

ಡಬ್ಬಿಯಲ್ಲಿ ಗೆರೆಗಳು ಒಂದೇ ಅಂತರದಲ್ಲಿ ಬರುತ್ತವೆ. ಮಕ್ಕಳಿಗೆ ಬೇಜಾರು, ಮುಂದೇನು ಅಂತ ಅವರಿಗೆ ಗೊತ್ತಿರುತ್ತದೆ. ಬಾಟಲಿಯಲ್ಲಿ ಹೊಟ್ಟೆ ದಾಟುವವರೆಗೆ ಗೆರೆಗಳು ಹತ್ತಿರ ಹತ್ತಿರ ಇರುತ್ತವೆ. ಹೆಗಲಿನ ಹತ್ತಿರ ಬಂದಾಗ ದೂರ ದೂರ ಆಗುತ್ತವೆ. ಕುತ್ತಿಗೆಗೆ ಬಂದಾಗ ಅರ್ಧ ಲೋಟಕ್ಕೇ ನೀರು ಸರ್ರನೆ ಮೇಲೇರಿ ಹೊರಗೆ ಚೆಲ್ಲುತ್ತದೆ. ಆಗ ಇಡೀ ಕ್ಲಾಸು ಎದ್ದು ನಿಲ್ಲುತ್ತದೆ. "ಲೋಟ ಅದೇ ಅಲ್ವಾ, ನೀರು ಅಷ್ಟೇ ಅಲ್ವಾ, ಮತ್ತೆ ಯಾಕೆ ಇಷ್ಟು ಬೇಗ ಏರಿತು?" ಈ ಪ್ರಶ್ನೆ ಅವರ ಬಾಯಿಂದಲೇ ಬರುತ್ತದೆ.

ಆಮೇಲೆ ಕಾಗದದ ಪಟ್ಟಿ ಬಿಚ್ಚಿ ಸ್ಕೇಲಿನಿಂದ ಗೆರೆಗಳ ನಡುವಿನ ಅಂತರ ಅಳೆಯುತ್ತೇವೆ. ಆ ಅಂತರವೇ ಬದಲಾವಣೆ. ಗೆರೆಯ ಎತ್ತರ ಬೇರೆ, ಗೆರೆಗಳ ನಡುವಿನ ಅಂತರ ಬೇರೆ. ಕೈಯಲ್ಲಿ ಹಿಡಿದು ನೋಡಿದ ಮೇಲೆ ಎರಡನ್ನೂ ಕಲಸುವುದು ಬಹಳ ಕಡಿಮೆಯಾಗುತ್ತದೆ.

ಇಲ್ಲಿ ಒಂದು ತೊಡಕು ಇದೆ, ಎಚ್ಚರ. ಈಗ ನಕ್ಷೆ ಬರೆಯಿರಿ ಅಂದ್ರೆ ಎಷ್ಟೋ ಮಕ್ಕಳು ಬಾಟಲಿಯ ಚಿತ್ರವನ್ನೇ ಬರೆಯುತ್ತಾರೆ. ಕೆಳಗೆ ಅಗಲ, ಮೇಲೆ ಸಣ್ಣ, ಗೆರೆ ಮೇಲೆ ಹೋಗಿ ಒಳಕ್ಕೆ ಬಾಗುತ್ತದೆ. ಅದನ್ನು ತಪ್ಪು ಅಂತ ಅಳಿಸಬೇಡಿ. ಅಡ್ಡ ಗೆರೆಯಲ್ಲಿ ಏನಿದೆ ಅಂತ ಕೇಳಿ. ಸುರಿದ ಲೋಟಗಳ ಎಣಿಕೆ ಅಂತಾರೆ. "ಹಾಗಾದರೆ ನಿನ್ನ ಗೆರೆ ಹಿಂದಕ್ಕೆ ಬಾಗಿದೆಯಲ್ಲ, ಸುರಿದ ಲೋಟ ಕಡಿಮೆ ಆಯ್ತಾ?" ಅಂತ ಕೇಳಿ. ಅವರೇ ರಬ್ಬರ್ ತೆಗೆದುಕೊಳ್ಳುತ್ತಾರೆ.

ನಿವೃತ್ತ ಇಂಜಿನಿಯರ್, ಮುನಿರಾಬಾದ್

ಮೇಡಂ, ನಿಮ್ಮ ಬಾಟಲಿ ತಲೆಕೆಳಗೆ ಮಾಡಿದರೆ ನಮ್ಮ ಡ್ಯಾಂ. ಕೆಳಗೆ ಕಿರಿದು, ಮೇಲೆ ಹೋದ ಹಾಗೆ ನೀರು ಅಗಲಕ್ಕೆ ಹರಡುತ್ತದೆ. ಪೂರ್ಣ ಮಟ್ಟ 1633 ಅಡಿ. ಆ ಮಟ್ಟದ ಹತ್ತಿರ ಒಂದು ಟಿಎಂಸಿ ಬಂದರೆ ನೀರು ಏರುವುದು ಸ್ವಲ್ಪ. ತಳದ ಹತ್ತಿರ ಅದೇ ಒಂದು ಟಿಎಂಸಿಗೆ ಜಾಸ್ತಿ ಏರುತ್ತದೆ. ಪತ್ರಿಕೆಯಲ್ಲಿ ಅಡಿಯೂ ಇರುತ್ತದೆ, ಟಿಎಂಸಿಯೂ ಇರುತ್ತದೆ. ದೊಡ್ಡ ಮಕ್ಕಳಿಗೆ ಎರಡನ್ನೂ ಬರೆದಿಟ್ಟುಕೊಳ್ಳಲು ಹೇಳಿ. ಒಂದು ಅಡಿ ಏರಲು ಎಷ್ಟು ಟಿಎಂಸಿ ಬೇಕಾಯಿತು ಅನ್ನುವುದು ಜೂನ್ ಕೊನೆಯಲ್ಲಿ ಒಂದು, ಆಗಸ್ಟಿನಲ್ಲಿ ಇನ್ನೊಂದು ಬರುತ್ತದೆ. ಪುಸ್ತಕದಲ್ಲಿ ಸಿಗದ ಪಾಠ ಅದು.

ಪಾಲಕ, ಮಾನ್ವಿ ತಾಲೂಕು

ನಾನು ಮೇಷ್ಟ್ರಲ್ಲ, ರೈತ. ಮಗಳು 7ನೇ ತರಗತಿ. ನಿಮ್ಮ ಚರ್ಚೆ ಓದಿ ಖುಷಿಯಾಯಿತು, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಎಡದಂಡೆ ಕಾಲುವೆಯ ಕೊನೆ ಭಾಗ. ನಮಗೆ ಡ್ಯಾಂನಲ್ಲಿ ಎಷ್ಟು ಟಿಎಂಸಿ ಇದೆ ಅನ್ನುವುದು ಒಂದು ಚಿಂತೆ. ಕಾಲುವೆಯಲ್ಲಿ ಗೇಜ್, ಅಂದ್ರೆ ಹರಿಯುವ ನೀರಿನ ಮಟ್ಟ, ಎಷ್ಟಿದೆ ಅನ್ನುವುದು ಅದಕ್ಕಿಂತ ದೊಡ್ಡ ಚಿಂತೆ. ಡ್ಯಾಂ ತುಂಬಿದ್ದರೂ ಗೇಜ್ ಇಲ್ಲದಿದ್ದರೆ ನಮ್ಮ ಭತ್ತಕ್ಕೆ ನೀರು ಮುಟ್ಟುವುದಿಲ್ಲ. ಇಡೀ ಹಂಗಾಮಿಗೆ ಬೇಕಾದಷ್ಟು ನೀರು ಇರುವುದು ಒಂದು, ತೆನೆ ಒಡೆಯುವ ಹೊತ್ತಿಗೆ ಆ ವಾರದಲ್ಲಿ ಬೇಕಾದ ವೇಗದಲ್ಲಿ ಬರುವುದು ಇನ್ನೊಂದು. ಟೀಚರ್ ಹೇಳಿದ "ಎಷ್ಟಿದೆ" ಮತ್ತು "ಎಷ್ಟು ಬೇಗ" ನಮ್ಮ ಹೊಲದಲ್ಲಿ ದಿನಾ ಕಾಣುವ ವಿಷಯ. ಇದನ್ನೇ ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಾರೆ ಅಂದ್ರೆ ನಮ್ಮಂಥವರು ಮನೆಯಲ್ಲಿ ಕೂತು ಪಾಠ ಹೇಳಿಕೊಡಬಹುದು. ಸೂತ್ರ ಅಂದ್ರೆ ನಮ್ಮ ಕೈಲಿ ಆಗಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿ ಹೋದಾಗ ಊರಿನ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ದಿನಕ್ಕೆ ಎಷ್ಟು ಹೋಗುತ್ತೆ, ಎಷ್ಟು ದಿನಕ್ಕೆ ಎಷ್ಟು ಉಳಿಯುತ್ತೆ. ಮಗಳಿಗೆ ಆಗ ಆ ಲೆಕ್ಕ ತಿಳಿಯುವ ವಯಸ್ಸಲ್ಲ. ಈಗ ಕೇಳುತ್ತಾಳೆ. ಹೇಗೆ ಹೇಳಲಿ?

ಪಿಯು ಉಪನ್ಯಾಸಕ, ರಾಯಚೂರು

ನಿಮ್ಮ ಮಗಳ ಪ್ರಶ್ನೆಗೆ ಮೊದಲು ಸರಳ ಉತ್ತರ. ಒಂದು ಗೇಟಿನಿಂದ 36 ಸಾವಿರ ಕ್ಯೂಸೆಕ್ ಹೋಗುತ್ತಿದೆ ಅಂದುಕೊಳ್ಳಿ. ಇಂಜಿನಿಯರ್ ಹೇಳಿದ 12 ಸಾವಿರದ ಲೆಕ್ಕದಲ್ಲಿ ದಿನಕ್ಕೆ 3 ಟಿಎಂಸಿ. ಹತ್ತು ದಿನಕ್ಕೆ 30. ಇಷ್ಟನ್ನು 7ನೇ ತರಗತಿಯ ಮಗು ಮಾಡಬಲ್ಲದು.

ಆದರೆ ನಿಜದಲ್ಲಿ ಹತ್ತು ದಿನವೂ ಅದೇ 36 ಸಾವಿರ ಇರುವುದಿಲ್ಲ. ನೀರಿನ ಮಟ್ಟ ಇಳಿದ ಹಾಗೆ ಒತ್ತಡ ಕಡಿಮೆಯಾಗುತ್ತದೆ, ಹರಿವೂ ಇಳಿಯುತ್ತದೆ. ನೀರು ಗೇಟಿನ ತಳಕ್ಕಿಂತ ಕೆಳಗೆ ಹೋದರೆ ಅಲ್ಲಿಂದ ಹೊರಗೆ ಹೋಗುವುದೇ ನಿಲ್ಲುತ್ತದೆ. ಅಂದ್ರೆ ದರವೇ ಬದಲಾಗುತ್ತದೆ. ಇದನ್ನು ತೋರಿಸಲು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಆದಷ್ಟು ನೇರವಾಗಿರುವುದನ್ನು ಆರಿಸಿ. ತಳದ ಹತ್ತಿರ ಬಿಸಿ ಮೊಳೆಯಿಂದ ಒಂದು ತೂತು. ಈ ಕೆಲಸ ದೊಡ್ಡವರು ಮಾಡಲಿ. ಕಾಗದದ ಪಟ್ಟಿ ಅಂಟಿಸಿ. ಮುಚ್ಚಳ ತೆಗೆದಿರಬೇಕು, ಇಲ್ಲದಿದ್ದರೆ ನೀರು ಸರಿಯಾಗಿ ಹರಿಯಲ್ಲ. ತೂತಿಗೆ ಬೆರಳಿಟ್ಟು ತುಂಬಿಸಿ, ಬೆರಳು ತೆಗೆದ ಕ್ಷಣದಿಂದ ಒಬ್ಬರು ಮೊಬೈಲಿನಲ್ಲಿ ಸೆಕೆಂಡು ಕೂಗಲಿ, ಇನ್ನೊಬ್ಬರು ಪ್ರತಿ ಹತ್ತು ಸೆಕೆಂಡಿಗೆ ಗೆರೆ ಹಾಕಲಿ. ಮೊದಲು ನೀರಿನ ಧಾರೆ ದೂರಕ್ಕೆ ಚಿಮ್ಮುತ್ತದೆ, ಗೆರೆಗಳು ದೂರ ದೂರ. ಆಮೇಲೆ ಧಾರೆ ಬಾಟಲಿಯ ಬುಡಕ್ಕೇ ಬೀಳುತ್ತದೆ, ಗೆರೆಗಳು ಒತ್ತೊತ್ತಾಗಿ ಬರುತ್ತವೆ.

ಇಲ್ಲಿ ಒಂದು ಸೊಗಸಾದ ವಿಷಯ ಇದೆ, ಹೇಳದೆ ಇರಲಾರೆ. ತೂತಿನಿಂದ ನೀರಿನ ಎತ್ತರ 25 ಸೆಂ.ಮೀ. ಇದ್ದು, ಐದು ಸಮ ಅವಧಿಗಳಲ್ಲಿ ಖಾಲಿಯಾಗುತ್ತದೆ ಅಂದುಕೊಳ್ಳಿ. ಭೌತಶಾಸ್ತ್ರದ ಲೆಕ್ಕದ ಪ್ರಕಾರ ಎತ್ತರಗಳು ಹೀಗೆ ಇಳಿಯುತ್ತವೆ: 25, 16, 9, 4, 1, 0. ವ್ಯತ್ಯಾಸ ತೆಗೆಯಿರಿ: 9, 7, 5, 3, 1. ಬೆಸ ಸಂಖ್ಯೆಗಳು! ಆ ವ್ಯತ್ಯಾಸಗಳ ವ್ಯತ್ಯಾಸ ತೆಗೆದರೆ ಪ್ರತಿ ಸಲ 2. ವರ್ಗ ಸಂಖ್ಯೆಗಳನ್ನು 8ನೇ ತರಗತಿಯಲ್ಲಿ ಓದುವ ಮಗುವಿಗೆ ಇದನ್ನು ತೋರಿಸಿ. ನಿಜವಾದ ಬಾಟಲಿಯಲ್ಲಿ ಅಂಕಿ ಅಷ್ಟು ಚೊಕ್ಕವಾಗಿ ಬರಲ್ಲ. ಕೊನೆಯಲ್ಲಿ ನೀರು ತೊಟ್ಟಿಕ್ಕುತ್ತಾ ನಿಲ್ಲುತ್ತದೆ. ಆದರೆ ಗೆರೆಗಳು ಹತ್ತಿರವಾಗುತ್ತಾ ಬರುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಹೈಸ್ಕೂಲ್ ಗಣಿತ ಮೇಷ್ಟ್ರು, ಸಿಂಧನೂರು

25, 16, 9, 4, 1. ಇದು ನನಗೂ ಬಹಳ ಹಿಡಿಸಿತು. ಅಂಕಿಗಳು ಪೂರ್ಣಾಂಕ, ಕಳೆಯಲು ಕಷ್ಟ ಇಲ್ಲ. ಇದನ್ನು ಮಾಡುತ್ತೇನೆ.

ಆದರೂ ಲೆಕ್ಕದ ಅಭ್ಯಾಸ ಬೇಕೇ ಬೇಕು ಅನ್ನುವ ನನ್ನ ಮಾತನ್ನು ಬಿಡುವುದಿಲ್ಲ. 36 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 10 ಮೀಟರ್ ಅಂತ ಥಟ್ಟನೆ ಹೇಳಲು ಬರಬೇಕು. ಅರ್ಥ ಇದ್ದು ಕೈ ಓಡದಿದ್ದರೂ ಮಗು ಸೋಲುತ್ತದೆ.

ಈ ಚರ್ಚೆಗೆ ನಾನು ಸೇರಿಸುವುದು ಒಂದು ಪ್ರಶ್ನೆ. ನೇರ ಅನುಪಾತದ ಪಾಠ ಆದ ಮೇಲೆ ಇದನ್ನು ಕೇಳಿ ನೋಡಿ. "ಒಂದು ಟ್ಯಾಂಕಿನಲ್ಲಿ ಮೊದಲೇ ಸ್ವಲ್ಪ ನೀರು ಇದೆ. ನಲ್ಲಿಯಿಂದ ನಿಮಿಷಕ್ಕೆ 20 ಲೀಟರ್ ಬೀಳುತ್ತದೆ. 10 ನಿಮಿಷದ ಹೊತ್ತಿಗೆ ಟ್ಯಾಂಕಿನಲ್ಲಿ 400 ಲೀಟರ್ ಇತ್ತು. 20 ನಿಮಿಷದ ಹೊತ್ತಿಗೆ ಎಷ್ಟಿರುತ್ತದೆ?" ಕ್ಲಾಸಿನ ಮುಕ್ಕಾಲು ಪಾಲು 800 ಅನ್ನುತ್ತದೆ. ಸಮಯ ಎರಡು ಪಟ್ಟು ಆಯ್ತು, ನೀರೂ ಎರಡು ಪಟ್ಟು. ಅಡ್ಡ ಗುಣಾಕಾರ ಅಷ್ಟು ಕೈಗೆ ಹತ್ತಿರುತ್ತದೆ. ಸರಿಯಾದ ಉತ್ತರ 600. ಇನ್ನು ಹತ್ತು ನಿಮಿಷಕ್ಕೆ 200 ಲೀಟರ್ ಮಾತ್ರ ಸೇರುತ್ತದೆ. ಮೊದಲೇ ಇದ್ದ 200 ಲೀಟರ್ ಎರಡು ಪಟ್ಟು ಆಗಲ್ಲ.

ದರ ಒಂದೇ ಸಮ ಇದ್ದರೂ ಅನುಪಾತ ಇರಬೇಕಾಗಿಲ್ಲ. ಇಷ್ಟು ತಿಳಿದರೆ ಮುಂದೆ ಸರಳರೇಖೆಯ ಸಮೀಕರಣ ಸುಲಭ.

ವಿಜ್ಞಾನ ಶಿಕ್ಷಕಿ, ಬಳ್ಳಾರಿ

ಮೇಷ್ಟ್ರೇ, ಈ ಟ್ಯಾಂಕಿನ ಪ್ರಶ್ನೆಯನ್ನು ನಾಳೆಯೇ ಕೇಳುತ್ತೇನೆ. ಬಹಳ ಚೆನ್ನಾಗಿದೆ.

ನಕ್ಷೆಯ ವಿಷಯದಲ್ಲಿ ಇನ್ನೊಂದು ಗೊಂದಲ ಹೇಳುತ್ತೇನೆ. ಒಂದೇ ಹಾಳೆಯಲ್ಲಿ ಎರಡು ಬಸ್ಸುಗಳ ದೂರ-ಕಾಲ ನಕ್ಷೆ ಬರೆಯಿರಿ. ಮೊದಲ ಬಸ್ಸು ಮುಂದೆ ಇದೆ, ಆದರೆ ನಿಧಾನ. ಎರಡನೆಯದು ಹಿಂದೆ ಇದೆ, ಆದರೆ ಜೋರು. ಒಂಬತ್ತೂವರೆ ಗಂಟೆಗೆ ಯಾವುದು ಜೋರಾಗಿ ಹೋಗುತ್ತಿದೆ ಅಂತ ಕೇಳಿದರೆ ಮೇಲಿರುವ ಗೆರೆಗೆ ಬೆರಳಿಡುತ್ತಾರೆ. ಮೇಲಿದೆ ಅಂದ್ರೆ ಮುಂದಿದೆ ಅಷ್ಟೇ. ಎಷ್ಟು ಕಡಿದಾಗಿ ಏರುತ್ತಿದೆ ಅನ್ನುವುದು ವೇಗ. ಬಳ್ಳಾರಿ ಕೋಟೆ ಗುಡ್ಡ ಹತ್ತಿದ ಮಕ್ಕಳಿಗೆ ಕಡಿದು ಯಾವುದು ಅಂತ ಕಾಲಿಗೇ ಗೊತ್ತು. ಎತ್ತರದಲ್ಲಿ ನಿಂತಿರುವುದಕ್ಕೂ ಕಡಿದಾದ ಕಡೆ ಹತ್ತುವುದಕ್ಕೂ ಇರುವ ವ್ಯತ್ಯಾಸ ಅಲ್ಲಿಂದ ತೆಗೆಯಬಹುದು.

ಸರಾಸರಿ ವೇಗಕ್ಕೂ ಬಸ್ಸೇ ಒಳ್ಳೆಯದು. ಬಳ್ಳಾರಿಯಿಂದ ಹೊಸಪೇಟೆಗೆ ಸುಮಾರು 60 ಕಿ.ಮೀ. ಹೋಗುವಾಗ ಗಂಟೆಗೆ 60ರ ವೇಗ, ಬರುವಾಗ 30. ಒಟ್ಟು ಸರಾಸರಿ ಎಷ್ಟು? 45 ಅಂತಾರೆ. ಹೋಗಲು 1 ಗಂಟೆ, ಬರಲು 2 ಗಂಟೆ. 120 ಕಿ.ಮೀ.ಗೆ 3 ಗಂಟೆ. 40. ನಿಧಾನದ ವೇಗದಲ್ಲಿ ಜಾಸ್ತಿ ಹೊತ್ತು ಇದ್ದೆವು ಅಲ್ವಾ, ಅದಕ್ಕೆ.

ವಿದ್ಯುತ್ ಸ್ಥಾವರದ ಉದ್ಯೋಗಿ, ಶಕ್ತಿನಗರ

ನಮ್ಮ ಕಡೆಯಿಂದ ಒಂದು ಉದಾಹರಣೆ. ರಾಯಚೂರು ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. 210ರ ಏಳು ಘಟಕ, 250ರ ಒಂದು. ಇದು ದರ. ಮನೆಗೆ ಬರುವ ಬಿಲ್ಲಿನಲ್ಲಿ ಇರುವುದು ಯೂನಿಟ್, ಅದು ಪ್ರಮಾಣ. 210 ಮೆಗಾವ್ಯಾಟಿನ ಒಂದು ಘಟಕ ಪೂರ್ತಿ ಸಾಮರ್ಥ್ಯದಲ್ಲಿ ಒಂದು ಗಂಟೆ ಓಡಿದರೆ 2 ಲಕ್ಷ 10 ಸಾವಿರ ಯೂನಿಟ್. ಮನೆಯ 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಒಂದು ಗಂಟೆಗೆ 1 ಯೂನಿಟ್. 10 ವ್ಯಾಟ್ ಬಲ್ಬು ಅದೇ 1 ಯೂನಿಟ್ ತಿನ್ನಲು 100 ಗಂಟೆ ಬೇಕು.

ಎಷ್ಟೋ ಜನ "ಇಷ್ಟು ಮೆಗಾವ್ಯಾಟ್ ವಿದ್ಯುತ್ ಉಳಿಸಿದೆವು" ಅಂತ ಬರೆಯುತ್ತಾರೆ. ಎಷ್ಟು ಹೊತ್ತು ಅಂತ ಹೇಳದೆ ಅದಕ್ಕೆ ಅರ್ಥ ಇಲ್ಲ. ಇದನ್ನು 13 ವರ್ಷದ ಮಗು ಹಿಡಿಯಬಲ್ಲದು. ಹಿಡಿದರೆ ದೊಡ್ಡವರಾದ ಮೇಲೆ ಬಿಲ್ ಓದುವಾಗಲೂ ಸುದ್ದಿ ಓದುವಾಗಲೂ ಕೆಲಸಕ್ಕೆ ಬರುತ್ತದೆ.

ಪಾಲಕ, ಮಾನ್ವಿ ತಾಲೂಕು

ಬಾಟಲಿಗೆ ತೂತು ಮಾಡಿ ನೋಡಿದೆವು. ಮಗಳು ಗೆರೆ ಹಾಕಿದಳು, ನಾನು ಸೆಕೆಂಡು ಕೂಗಿದೆ. ಗೆರೆಗಳು ನಿಜಕ್ಕೂ ಹತ್ತಿರ ಹತ್ತಿರ ಬಂದವು. ಕಾಗದ ಒದ್ದೆಯಾಗಿ ಕೊನೆಯ ಗೆರೆಗಳು ಅಳಿಸಿಹೋದವು, ಅದಕ್ಕೆ ಏನಾದರೂ ಉಪಾಯ ಇದೆಯಾ? ದಿನಾ ಮನೆಯಲ್ಲಿ ಮಾಡಬಹುದಾದ ಇನ್ನೊಂದು ಕೆಲಸವನ್ನೂ ಹೇಳಿ.

ವಿದ್ಯುತ್ ಸ್ಥಾವರದ ಉದ್ಯೋಗಿ, ಶಕ್ತಿನಗರ

ಕರೆಂಟ್ ಮೀಟರ್ ಓದಲಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ. ಒಂದು ಕಾಲಂನಲ್ಲಿ ಮೀಟರಿನ ಅಂಕಿ, ಪಕ್ಕದಲ್ಲಿ ನಿನ್ನೆಗಿಂತ ಎಷ್ಟು ಜಾಸ್ತಿ ಅನ್ನುವುದು. ಮೀಟರಿನ ಅಂಕಿ ಯಾವತ್ತೂ ಹಿಂದಕ್ಕೆ ಹೋಗಲ್ಲ. ಆದರೆ ಪಕ್ಕದ ಕಾಲಂ ಏರುತ್ತದೆ, ಇಳಿಯುತ್ತದೆ. ಕೂಲರ್ ಹಾಕಿದ ದಿನ ಜಾಸ್ತಿ, ಊರಿಗೆ ಹೋದ ದಿನ ಕಡಿಮೆ. ಡ್ಯಾಂ ಪ್ರಶ್ನೆಗೆ "ಇಳೀತು" ಅಂತ ಕೂಗಿದ ಮಗುವಿಗೆ ಇದನ್ನು ತೋರಿಸಿ. ಬಳಕೆ ಕಡಿಮೆಯಾದ ದಿನ ಮೀಟರ್ ಹಿಂದಕ್ಕೆ ತಿರುಗಿತಾ ಅಂತ ಕೇಳಿ.

ವಿಜ್ಞಾನ ಶಿಕ್ಷಕಿ, ಬಳ್ಳಾರಿ

ಕಾಗದದ ಪಟ್ಟಿಯ ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಅದರ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ. ತೂತು ಇರುವ ಬದಿಗೆ ಪಟ್ಟಿ ಬೇಡ, ಎದುರು ಬದಿಗೆ ಇರಲಿ. ಮಗಳಿಗೆ ನನ್ನ ಶಹಬ್ಬಾಸ್ ಹೇಳಿ.

ಗಣಿತ ಟೀಚರ್, ಕೊಪ್ಪಳ ತಾಲೂಕು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಎಲ್ಲ ಓದಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಮೊದಲು ಬಾಟಲಿ. ಆಮೇಲೆ ಎರಡು ಕಾಲಂ ಪಟ್ಟಿ, ಅಂಕಿಗಳು ಪೂರ್ಣಾಂಕ ಮಾತ್ರ. ಆಮೇಲೆ ನಕ್ಷೆ. ಸೂತ್ರ ಅದರ ನಂತರ, ಆದರೆ ಬಿಡುವುದಿಲ್ಲ. ಸಿಂಧನೂರು ಮೇಷ್ಟ್ರು ಹೇಳಿದ ಹಾಗೆ ಮಾನ ಬದಲಾಯಿಸುವ ಲೆಕ್ಕಕ್ಕೆ ಪ್ರತ್ಯೇಕ ಪೀರಿಯಡ್ ಇಡುತ್ತೇನೆ.

ಹೂಳಿನ ಲೆಕ್ಕವನ್ನೂ ಕೊಡಬೇಕು ಅಂತ ಇದ್ದೇನೆ. ಡ್ಯಾಂ ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ, 2016ರ ಸರ್ವೆಯ ಪ್ರಕಾರ ಸುಮಾರು 106. ನೀರು ನಿಲ್ಲಿಸಿದ 1953ರಿಂದ 63 ವರ್ಷಕ್ಕೆ 27 ಟಿಎಂಸಿ ಹೋಗಿದೆ. ವರ್ಷಕ್ಕೆ ಸರಾಸರಿ 0.4 ಟಿಎಂಸಿಗಿಂತ ಸ್ವಲ್ಪ ಜಾಸ್ತಿ. ಪ್ರತಿ ವರ್ಷವೂ ಅಷ್ಟೇ ಹೂಳು ಬಂತಾ ಅಂತ ಮಕ್ಕಳನ್ನು ಕೇಳುತ್ತೇನೆ. ಪ್ರವಾಹ ಬಂದ ವರ್ಷ, ಬರ ಬಿದ್ದ ವರ್ಷ ಎರಡೂ ಅವರಿಗೆ ಮನೆಯಲ್ಲಿ ಕೇಳಿ ಗೊತ್ತು.

ಕಿರುಪರೀಕ್ಷೆಗೆ ಮೂರು ಪ್ರಶ್ನೆ ಬರೆದಿದ್ದೇನೆ, ನೋಡಿ ಹೇಳಿ.

ಒಂದು: ಟ್ಯಾಂಕಿನ ಪ್ರಶ್ನೆ, ಮೇಷ್ಟ್ರು ಕೊಟ್ಟಿದ್ದು ಹಾಗೇ.

ಎರಡು: ಒಂದು ಬಾಟಲಿಯ ಗೆರೆಗಳು ಕೆಳಗಿಂದ 2, 4, 6, 9, 14 ಸೆಂ.ಮೀ. ಎತ್ತರದಲ್ಲಿವೆ. ಪ್ರತಿ ಗೆರೆಗೂ ಒಂದೇ ಲೋಟ ನೀರು. ಬಾಟಲಿಯ ಆಕಾರ ಊಹಿಸಿ ಬರೆಯಿರಿ.

ಮೂರು: ಒಳಹರಿವು ಮೂರು ದಿನ 48 ಸಾವಿರ, 36 ಸಾವಿರ, 24 ಸಾವಿರ ಕ್ಯೂಸೆಕ್ ಇತ್ತು. ಡ್ಯಾಂ ನೀರು ಏರಿತಾ, ಇಳಿಯಿತಾ? ಯಾಕೆ ಅಂತ ಎರಡು ವಾಕ್ಯದಲ್ಲಿ ಬರೆಯಿರಿ.

ಹೈಸ್ಕೂಲ್ ಗಣಿತ ಮೇಷ್ಟ್ರು, ಸಿಂಧನೂರು

ಎರಡನೆಯದು ಬಹಳ ಒಳ್ಳೆಯ ಪ್ರಶ್ನೆ. 6 ಸೆಂ.ಮೀ.ವರೆಗೆ ನೇರ, ಆಮೇಲೆ ಕಿರಿದಾಗುತ್ತಾ ಹೋಗುವ ಬಾಟಲಿ ಬರಬೇಕು. ಚಿತ್ರ ಚೆನ್ನಾಗಿಲ್ಲ ಅಂತ ಅಂಕ ಕಳೆಯಬೇಡಿ.

ಮೂರನೆಯದರಲ್ಲಿ ಹೊರಹರಿವು ಕೊಟ್ಟಿಲ್ಲ. ಮರೆತಿದ್ದರೆ ಸೇರಿಸಿ. ಆದರೆ ನನ್ನನ್ನು ಕೇಳಿದರೆ ಹಾಗೇ ಬಿಡಿ, ಕೊನೆಯಲ್ಲಿ "ಉತ್ತರ ಹೇಳಲು ಇನ್ನೇನು ಗೊತ್ತಿರಬೇಕು?" ಅಂತ ಒಂದು ಸಾಲು ಸೇರಿಸಿ. ಹೊರಹರಿವು ಬೇಕು ಅಂತ ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ.